ಏರಿ ಮೇಲೆ ರಿವರ್ಸು

ಎಡಗಡೆ ಕನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ, ಬರೀ ನೀರು ಕಾಣುತ್ತಿತ್ತು. ಕನ್ನಡಿ ಸೊಟ್ಟಗಾಗಿರಬೇಕೆಂದು ನಟರಾಜು ಕ್ಯಾಬಿನ್ನಿನ ಆ ಪಕ್ಕಕ್ಕೆ ಸರಿದು ಕಿಟಕಿಯಿಂದ ಬಗ್ಗಿ ನೋಡಿದ. ಕನ್ನಡಿ ನೆಟ್ಟಗೇ ಇತ್ತು, ಸೊಟ್ಟಗಾಗಿದ್ದದ್ದು ಲಾರಿ. ಮುಂದಿನ ಎಡಗಾಲಿ ಏರಿಯ ಹಸಿಮಣ್ಣಿನಲ್ಲಿ ಗೇಣುದ್ದ ಇಳಿದಿತ್ತು. ಅದರ ಪಕ್ಕದಲ್ಲೇ ಹೇಮಾವತಿ ನಾಲೆ ಅಂಚಿನವರೆಗೂ ತುಂಬಿಕೊಂಡು ಸದ್ದಿಲ್ಲದೆ ಹೋಗುತ್ತಿತ್ತು. ಬಲಕ್ಕೆ, ಎರಡಾಳು ಆಳದಲ್ಲಿ, ಭತ್ತದ ಗದ್ದೆ. ಎದುರಿಗೆ, ಲಾರಿಯ ಮೂತಿಯಿಂದ ಸ್ವಲ್ಪವೇ ಮುಂದೆ, ಏರಿಯ ಅರ್ಧ ಭಾಗ ಕುಸಿದು ನೀರು ಸೇರಿತ್ತು. ಉಳಿದ ಅರ್ಧದಲ್ಲಿ ಎಮ್ಮೆ ಹೋದೀತು, ಬೈಕು ಹೋದೀತು. ಸಿಮೆಂಟು ತುಂಬಿದ ಲಾರಿ ಹೋಗುವ ಮಾತೇ ಇರಲಿಲ್ಲ.

"ಗೋ ಸ್ಟ್ರೇಟ್," ಅಂದಿತು ಸ್ಟೇರಿಂಗ್ ಮುಂದೆ ಅಂಟಿಸಿದ್ದ ಡಬ್ಬಿ.

"ನೀನೇ ಓಗವ್ವ," ಅಂದ ನಟರಾಜು. ತಮಾಷೆಗೆ ಅಂದದ್ದಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಸ್ಟೇರಿಂಗ್ ಹಿಡಿದವನು ಈ ಎರಡು ಸಾವಿರದ ಒಂಬತ್ತರವರೆಗೂ ದಾರಿಯನ್ನು ಬಾಯಲ್ಲಿ ಕೇಳಿಯೇ ತಿಳಿದವನು. ಚನ್ನರಾಯಪಟ್ಟಣದ ಟೀ ಅಂಗಡಿ, ಹಾಸನದ ಪಂಕ್ಚರ್ ಅಂಗಡಿ, ಅರಕಲಗೂಡು ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳು, ಇವರೇ ಅವನ ನಕ್ಷೆ. ಆ ಮೋರಿ ನಂಬಬ್ಯಾಡ, ಈ ಊರಲ್ಲಿ ವೈರು ಕೆಳಗೈತೆ, ಸುತ್ತಾಕ್ಕೊಂಡು ಓಗು ಅಂತ ಅವರು ಹೇಳುವುದು, ಇವನು ಕೇಳುವುದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆ ಡ್ರೈವರುಗಳನ್ನು ನೋಡಿಯೇ ಹುಟ್ಟಿರಬೇಕು. ಯುಗಾದಿ ಕಳೆದ ಮೇಲೆ ಕಂಪನಿಯವರು ಎಲ್ಲ ಲಾರಿಗೂ ಈ ಜಿಪಿಎಸ್ ಡಬ್ಬಿ ಅಂಟಿಸಿದರು. ಅಂಟಿಸಿದ ಕೈಯಲ್ಲೇ ಕ್ಲೀನರುಗಳನ್ನು ಕಿತ್ತರು. ದಾರಿ ತೋರಿಸಲು ಮಿಷನ್ನಿರುವಾಗ ಇನ್ನೊಬ್ಬ ಆಳು ಯಾಕೆ ಅಂತ ಅವರ ಲೆಕ್ಕ. ಲಾರಿ ಹತ್ತದವರ ಲೆಕ್ಕವೇ ಹೀಗೆ. ಲಾರಿ ಡ್ರೈವರನಿಗೆ ಎಡಗಡೆ ಅನ್ನುವುದು ಅರೆಗುರುಡು, ಆ ಪಕ್ಕದ ಕಣ್ಣು ಕ್ಲೀನರನದು. ನಟರಾಜುವಿನ ಕಣ್ಣಾಗಿದ್ದ ಹುಚ್ಚಯ್ಯ, ಐವತ್ತು ದಾಟಿದ ಮನುಷ್ಯ, ಈಗ ಹೊಳೆನರಸೀಪುರದ ಸಂತೆಯಲ್ಲಿ ಈರುಳ್ಳಿ ತೂಗುತ್ತಿದ್ದ.

ಆವತ್ತು ಹಳೇಕೋಟೆಯಲ್ಲಿ ಒಂದು ಅಂಗಡಿಗೆ ಒಂದಿಷ್ಟು ಮೂಟೆ ಇಳಿಸಿ, ಉಳಿದದ್ದನ್ನು ಮಲ್ಲಿಪಟ್ಟಣಕ್ಕೆ ಮುಟ್ಟಿಸಬೇಕಿತ್ತು. ಅವನಿಗೆ ಗೊತ್ತಿದ್ದದ್ದು ವಾಪಸ್ಸು ಹೋಗಿ ಹೆದ್ದಾರಿ ಹಿಡಿಯುವ ದಾರಿ. ಡಬ್ಬಿ ನಾಲೆ ಕಡೆ ತಿರುಗು ಅಂದಿತು. ಹೋದ ವಾರ ಅದರ ಮಾತು ಮೀರಿ ಸುತ್ತಿ ಹೋಗಿದ್ದಕ್ಕೆ ಹಾಸನದ ಆಫೀಸಿನ ಹುಡುಗ ಕೇದಾರ್ ಎಲ್ಲರೆದುರು ಬೈದಿದ್ದ. ಆದರೂ ನಟರಾಜು ಕವಲಿನಲ್ಲಿ ನಿಲ್ಲಿಸಿ, ಎದುರು ಬಂದ ಟ್ರ್ಯಾಕ್ಟರಿನವನನ್ನು ಕೇಳಿದ್ದ. "ಓಗ್ಬೋದು ಬುಡಣ್ಣ, ನಮ್ ಟ್ಯಾಕ್ಟ್ರೇ ಓಯ್ತದೆ," ಅಂದಿದ್ದ ಅವನು. ಪಾಪ, ಬೇಕೆಂದು ಸುಳ್ಳು ಹೇಳಲಿಲ್ಲ. ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನುವ ಒಳ್ಳೆಯತನ ನಮ್ಮ ಕಡೆಯವರದು. ಅದರಿಂದ ಎಷ್ಟು ಗಾಡಿ ಹಳ್ಳ ಹಿಡಿದವೋ.

ಫೋನು ಹೊಡೆದುಕೊಂಡಿತು. ಕೇದಾರ್.

"ನಟರಾಜು, ಗಾಡಿ ಯಾಕೆ ನಿಂತಿದೆ?"

"ಸಾ, ಏರಿ ಕುಸಿದೋಗದೆ. ಎಡಗಾಲಿ ಇಳೀತಾ ಅದೆ ಸಾ."

"ಸ್ಕ್ರೀನಲ್ಲಿ ರೋಡ್ ಕ್ಲಿಯರ್ ಆಗಿ ಕಾಣಿಸ್ತಿದೆಯಲ್ಲ."

ನಟರಾಜು ಫೋನು ಇಟ್ಟ. ಕೆಳಗೆ ಗಾಲಿಯ ಹತ್ತಿರ ಮಣ್ಣಿನ ಹೆಂಟೆಯೊಂದು ಜಾರಿ ನೀರಿಗೆ ಬಿದ್ದ ಸದ್ದಾಯಿತು. ನಿಂತಷ್ಟು ಹೊತ್ತೂ ಭಾರ ಒತ್ತುತ್ತಲೇ ಇರುತ್ತದೆ, ಒತ್ತಿದಷ್ಟೂ ಇಳಿಯುತ್ತದೆ. ಇಳಿದು ಓಡಿಬಿಡಲೇ ಅನ್ನಿಸಿತು. ಓಡಬಹುದಿತ್ತು. ಆದರೆ ಬಲಕ್ಕೆ, ಗದ್ದೆಯಾಚೆ, ಹತ್ತಾರು ಹೆಂಚಿನ ಮನೆಗಳಿದ್ದವು. ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು. ಲಾರಿ ಜಾರಿ ಏರಿ ಕಿತ್ತರೆ ಇಷ್ಟು ನೀರೂ ಆ ಅಂಗಳಕ್ಕೇ. ಅತ್ತ ದರಿ, ಇತ್ತ ಪುಲಿ. ಹಿಂದಕ್ಕೆ ಹೋಗುವುದೊಂದೇ ಉಳಿದದ್ದು. ಹಿಂದೆ ಕವಲಿನವರೆಗೆ ಕಿಲೋಮೀಟರಿನಷ್ಟು ಏರಿ, ಉದ್ದಕ್ಕೂ ಎಡಗಡೆ ನೀರು, ಎಡಗಡೆ ನೋಡುವವರಿಲ್ಲ.

ಆಗ ಲಾರಿಯ ಹಿಂದಿನಿಂದ ಸ್ಕೂಟಿಯ ಹಾರನ್ನು ಕೇಳಿಸಿತು. ಒಂದೇ ಸಮನೆ, ಜಗಳಕ್ಕೆ ಬಂದವರ ಹಾಗೆ.

ನಟರಾಜು ಬಲಬಾಗಿಲಿನಿಂದ ಮೆಲ್ಲಗೆ ಇಳಿದು ಹಿಂದೆ ಹೋದ. ಸೀರೆಯ ಮೇಲೆ ಸ್ವೆಟರು ತೊಟ್ಟ ಹೆಂಗಸೊಬ್ಬಳು ಸ್ಕೂಟಿಯ ಮೇಲೆ ಒಂದು ಕಾಲೂರಿ ಕೂತಿದ್ದಳು. ಬ್ಯಾಗಿನ ಬಾಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಣುಕುತ್ತಿತ್ತು.

"ಏನ್ರೀ ಇದು, ನಾಲೆ ಏರಿ ಮೇಲೆ ಲಾರಿ ತಂದು ನಿಲ್ಲಿಸಿದೀರಲ್ಲ? ನಾನು ಮನೆಗೆ ಹೋಗ್ಬೇಡ್ವೆ?"

"ಮೇಡಂ, ಗಾಡಿ ಇಳೀತಾ ಅದೆ."

ಅವಳು ಕತ್ತು ಓರೆ ಮಾಡಿ ಲಾರಿಯ ವಾಲುವಿಕೆ ನೋಡಿದಳು. ಕೋಪವೆಲ್ಲ ಮುಖದಿಂದ ಇಳಿದುಹೋಯಿತು. "ಅಯ್ಯೋ ದೇವರೆ," ಅಂದಳು ಸಣ್ಣಗೆ. ಹೆಸರು ಕನಕಲಕ್ಷ್ಮಿ, ಹಳೇಕೋಟೆಯ ಶಾಲೆಯಲ್ಲಿ ಟೀಚರು. ಮನೆ ಏರಿಯ ಆ ಕೊನೆಯ ಅಗ್ರಹಾರದಲ್ಲಿ.

"ನಂಗೆ ಹಿಂದ್ಗಡೆ ಎಡ್ಗಾಲಿ ಕಾಣಾಕಿಲ್ಲ ಮೇಡಂ. ಕ್ಲೀನರಿಲ್ಲ. ನೀವು ನೋಡ್ಕೊಂಡು ಯೋಳ್ಬೇಕು."

"ನಾನಾ? ನನಗೆ ಲಾರಿ ವಿಷಯ ಏನ್ರೀ ಗೊತ್ತು? ಎಡ ಅಂದ್ರೆ ನನ್ನ ಎಡವೋ ನಿಮ್ಮ ಎಡವೋ, ಅದೇ ಗೊತ್ತಾಗೊಲ್ಲ."

"ಎಡ ಬಲ ಯೋಳ್ಬ್ಯಾಡಿ. ಲಾರಿ ಬಾಡಿ ಮ್ಯಾಲೆ ಕೈಯಲ್ಲಿ ಬಡೀರಿ. ಎಲ್ಡೇಟು ಬಡುದ್ರೆ ಬತ್ತೀನಿ, ಒಂದೇಟು ಬಡುದ್ರೆ ನಿಲ್ತೀನಿ. ಅಷ್ಟೇಯ. ಇಂಜಿನ್ ಸದ್ದಲ್ಲಿ ಬಾಯಿ ಮಾತು ಕೇಳಾಕಿಲ್ಲ."

ಸ್ಕೂಟಿ ಇಲ್ಲೇ ಇದ್ದರೆ ಲಾರಿ ಹಿಂದೆ ಬರುವುದಕ್ಕಾಗುವುದಿಲ್ಲ, ಅದನ್ನು ಕವಲಿನಲ್ಲಿ ಬಿಟ್ಟು ಬರುತ್ತೇನೆಂದು ಅವಳು ಗೊಣಗಿ, ಸ್ಕೂಟಿ ತಿರುಗಿಸಿಕೊಂಡು ಹೊರಟುಹೋದಳು.

ನಟರಾಜು ಕ್ಯಾಬಿನ್ ಹತ್ತಿ ಕೂತ. ಬಲಗನ್ನಡಿಯಲ್ಲಿ ಸ್ಕೂಟಿ ಚಿಕ್ಕದಾಗುತ್ತ ಹೋಗಿ ಜಾಲಿಗಿಡಗಳ ಮರೆಯಾಯಿತು. ಬರುವುದಿಲ್ಲ ಅನ್ನಿಸಿತು. ಯಾಕೆ ಬಂದಾಳು? ಅವಳೇನು ಅವನ ಅಕ್ಕನೋ ತಂಗಿಯೋ? ಅವಳ ಜಾಗದಲ್ಲಿ ತಾನಿದ್ದರೆ ಬರುತ್ತಿದ್ದೆನೇ ಅಂತ ಕೇಳಿಕೊಂಡ, ಉತ್ತರ ಚೆನ್ನಾಗಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಡಬ್ಬಿ ಮತ್ತೆ ನೇರ ಹೋಗು ಅಂದಿತು. ಅವನು ಅದರ ವೈರು ಕಿತ್ತು ಸೀಟಿನ ಕೆಳಗೆ ಎಸೆದ. ಎಸೆದ ರಭಸಕ್ಕೆ ಎಲ್ಲಿ ಲಾರಿ ಅಲುಗಿತೋ ಅಂತ ಅದಕ್ಕೂ ಹೆದರಿದ. ಊರಲ್ಲಿ ಹೆಂಡತಿ ಮಲ್ಲಿಗಮ್ಮ ಈಗ ಹಾಲು ಹಾಕಲು ಡೈರಿ ಮುಂದೆ ನಿಂತಿರುತ್ತಾಳೆ, ಸುದ್ದಿ ಅವಳಿಗೆ ಅಲ್ಲೇ ಮುಟ್ಟುತ್ತದೆ ಅಂದುಕೊಂಡ.

ಕನ್ನಡಿಯಲ್ಲಿ ಏನೋ ಚಲಿಸಿತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬೇಗಬೇಗ ನಡೆದು ಬರುತ್ತಿದ್ದಳು. ನಟರಾಜುವಿನ ಕಣ್ಣು ತುಂಬಿತು. ನಾಚಿಕೆಯೇನೂ ಆಗಲಿಲ್ಲ.

"ಹೋಗ್ಬಿಡೋಣ ಅಂತ್ಲೇ ಇದ್ದೆ ಕಣ್ರೀ," ಅಂದಳು ಕಿಟಕಿಯ ಕೆಳಗೆ ನಿಂತು, ಏದುಸಿರು ಬಿಡುತ್ತ. "ಆಮೇಲೆ ಏನಾದ್ರೂ ಆದ್ರೆ ಜನ್ಮದಲ್ಲಿ ನಿದ್ದೆ ಬರೊಲ್ಲ. ಶುರು ಮಾಡಿ, ಬೇಗ."

ಲಾರಿಯ ಹಿಂಬದಿಗೆ ಹೋಗಿ ಎಡಮೂಲೆಯಲ್ಲಿ ನಿಂತು ಎರಡು ಸಲ ಬಡಿದಳು. ಮೊದಲ ಏಟು ಎಷ್ಟು ಮೆತ್ತಗಿತ್ತೆಂದರೆ ಮಗುವಿನ ಬೆನ್ನು ತಟ್ಟಿದ ಹಾಗಿತ್ತು. "ಜೋರಾಗಿ ಮೇಡಂ," ಅಂತ ಕೂಗಿದ. ಎರಡನೆಯ ಸಲ ಕ್ಯಾಬಿನ್ನಿಗೆ ಕೇಳಿಸಿತು. ರಿವರ್ಸ್ ಗೇರು ಹಾಕಿ, ಕ್ಲಚ್ಚನ್ನು ಉಗುರಿನಷ್ಟು, ಉಗುರಿನಷ್ಟೇ ಬಿಟ್ಟ. ಲಾರಿ ನಡುಗಿತು, ಕೊಸರಾಡಿತು, ಮುಂದಿನ ಎಡಗಾಲಿ ಕೆಸರಿನಿಂದ ಪಚಕ್ಕನೆ ಕಿತ್ತು ಮೇಲೆ ಬಂತು. ಎದ್ದು ಬಂದ ಗುಂಡಿಯೊಳಕ್ಕೆ ನಾಲೆಯ ನೀರು ನುಗ್ಗಿದ್ದನ್ನು ಅವನು ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಮತ್ತೆ ಎರಡು ಬಡಿತ. ಸ್ವಲ್ಪ ದೂರ. ಒಂದು ಬಡಿತ. ನಿಂತ. ಅವಳು ಬಗ್ಗಿ ನೋಡಿ, ಬಲಗನ್ನಡಿಗೆ ಕಾಣುವಂತೆ ಬಂದು ಗದ್ದೆ ಕಡೆಗೆ ಕೈ ಬೀಸಿದಳು. ಮತ್ತೆ ಎರಡು. ಹೀಗೆ ಸಾಗಿತು. ಬಲಗಡೆ ತಲೆ ಹೊರಗೆ ಹಾಕಿ ಗದ್ದೆ ಕಡೆಯ ಅಂಚು ನೋಡುವುದು ಅವನ ಕೆಲಸ, ನೀರಿನ ಅಂಚು ಅವಳ ಪಾಲು. ಬೆನ್ನಿನ ಬೆವರು ಸೀಟಿಗೆ ಅಂಟುತ್ತಿತ್ತು. ಅರ್ಧ ದಾರಿ ಬಂದಿರಬೇಕು, ಇನ್ನು ಪರವಾಗಿಲ್ಲ ಅನ್ನುವ ಯೋಚನೆ ಬಂದದ್ದೇ ತಪ್ಪಾಯಿತೇನೋ, ಬಡಿತ ನಿಂತುಹೋಯಿತು.

ಎರಡೂ ಇಲ್ಲ, ಒಂದೂ ಇಲ್ಲ. ಲಾರಿ ಹಿಂದಕ್ಕೆ ಉರುಳುತ್ತಲೇ ಇತ್ತು. ನಟರಾಜು ಬ್ರೇಕ್ ಒತ್ತಿ ಇಂಜಿನ್ ಆರಿಸಿದ. ಹಿಂದಿನ ಎಡಭಾಗ ಮೆಲ್ಲನೆ, ಬಹಳ ಮೆಲ್ಲನೆ, ಕೆಳಕ್ಕೆ ಕೂತಿತು. ಸಿಮೆಂಟು ಮೂಟೆಗಳು ಒಂದಕ್ಕೊಂದು ಒರಗಿಕೊಂಡ ಸದ್ದು ಬೆನ್ನ ಹಿಂದೆ ಕೇಳಿಸಿತು.

"ಮೇಡಂ?"

ಉತ್ತರವಿಲ್ಲ. ಲಾರಿ ಅವಳ ಮೇಲೆ ಹೋಗಿರಬೇಕು, ಇಲ್ಲ ಅವಳು ನೀರಿಗೆ ಬಿದ್ದಿರಬೇಕು. ಬ್ರೇಕಿನಿಂದ ಕಾಲು ತೆಗೆದರೆ ಲಾರಿ ಹೋಗುತ್ತದೆ, ತೆಗೆಯದಿದ್ದರೆ ಅವಳು ಹೋಗುತ್ತಾಳೆ. "ಮೇಡಂ, ಒಂದ್ಮಾತಾಡಿ," ಅಂತ ಕೂಗಿದ.

"ಇದೀನಿ," ಅಂತ ಕೇಳಿಸಿತು ಕೊನೆಗೆ. "ಜಾರಿಬಿಟ್ಟೆ. ಕಾಲಡಿ ಮಣ್ಣು ಹೋಯ್ತು. ಹುಲ್ಲು ಹಿಡ್ಕೊಂಡಿದೀನಿ. ಬರಬೇಡಿ, ಹಿಂದೆ ಬರಬೇಡಿ. ಇಲ್ಲಿ ಗಾಲಿ ಕೆಳಗೆ ಟೊಳ್ಳಾಗಿದೆ."

ಅವಳು ಮೊಣಕಾಲಲ್ಲಿ ತೆವಳಿ ಮೇಲೆ ಬಂದು, ಲಾರಿಯ ಹಿಂಬದಿಯಿಂದ ಸುತ್ತಿ ಬಲಗಡೆ ಕಾಣಿಸಿಕೊಂಡಳು. ಸೊಂಟದವರೆಗೂ ಒದ್ದೆ. "ಈ ಕಡೆ ಇನ್ನೆಷ್ಟು ಜಾಗ ಇದೆ?" ಅಂದಳು. ಒಂದು ಮೊಳ ಇತ್ತು. "ಆ ಮೊಳದಲ್ಲೇ ಬನ್ನಿ," ಅಂದಳು, ಮಕ್ಕಳಿಗೆ ಲೆಕ್ಕ ಬಿಡಿಸು ಅನ್ನುವ ದನಿಯಲ್ಲಿ. ಮತ್ತೆ ಎಡಗಡೆಗೆ ಹೋಗಿ ನಿಂತಳು, ಅದೇ ಜಾಗದಲ್ಲಿ. ನಟರಾಜು ಇಂಜಿನ್ ಶುರು ಮಾಡಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಬಲಗಾಲಿಯನ್ನು ಗದ್ದೆಯ ಅಂಚಿನ ಗರಿಕೆಯ ಮೇಲೆ ಓಡಿಸಿದ. ಹಿಂದಿನ ಎಡಗಾಲಿ ಟೊಳ್ಳನ್ನು ದಾಟುವಾಗ ಏರಿಯ ಒಂದು ದೊಡ್ಡ ತುಂಡು ಕಳಚಿ ನೀರಿಗೆ ಬಿತ್ತು. ಎರಡು ಬಡಿತ ಮಾತ್ರ ನಿಲ್ಲಲಿಲ್ಲ.

ಕವಲು ಮುಟ್ಟಿದಾಗ ಸೂರ್ಯ ಮುಳುಗಿದ್ದ. ನಟರಾಜು ಗಟ್ಟಿ ನೆಲದ ಮೇಲೆ ಲಾರಿ ನಿಲ್ಲಿಸಿ, ಇಳಿದು, ಗಾಲಿಗೆ ಒರಗಿ ಕೂತುಬಿಟ್ಟ. ಕನಕಲಕ್ಷ್ಮಿ ಕೈ ನೋಡಿಕೊಳ್ಳುತ್ತಿದ್ದಳು. ಅಂಗೈ ಊದಿಕೊಂಡು ಕೆಂಪಾಗಿತ್ತು.

"ಮೇಡಂ, ನಿಮ್ಮ ಋಣ," ಅಂತ ಶುರು ಮಾಡಿದ.

"ಅದೆಲ್ಲ ಇರಲಿ," ಅಂದಳು ಅವಳು. ಸ್ಕೂಟಿಯ ಹತ್ತಿರ ಹೋಗಿ ಏರಿಯ ಕಡೆ ನೋಡಿದಳು. "ನಮ್ಮೆಜಮಾನ್ರು ಊರಲ್ಲಿಲ್ಲ. ಮಗಳು ಮೈತ್ರೇಯಿ ಟ್ಯೂಷನ್ನಿಂದ ಬಂದು ಬೀಗದ ಬಾಗಿಲ ಮುಂದೆ ಕೂತಿರ್ತಾಳೆ. ಇನ್ನೂ ಚಿಕ್ಕೋಳು. ಸುತ್ತಿ ಹೋದ್ರೆ ಕತ್ತಲಾಗಿಬಿಡತ್ತೆ, ಈ ಗಾಡಿ ಲೈಟೂ ಸರಿಯಿಲ್ಲ." ಅವನ ಕಡೆ ತಿರುಗಿ ಕೇಳಿದಳು: "ಸ್ಕೂಟಿ ಹೋಗತ್ತೆ ಅಲ್ವಾ, ಏರಿ ಮೇಲೆ?"

ನಟರಾಜುವಿಗೆ ಆ ಏರಿಯ ಪ್ರತಿ ಗೇಣೂ ಗೊತ್ತಿತ್ತು. ಎಲ್ಲಿ ತನ್ನ ಗಾಲಿ ಇಳಿಯಿತು, ಎಲ್ಲಿ ತುಂಡು ಕಳಚಿತು, ಎಲ್ಲಿ ಒಳಗೊಳಗೇ ಟೊಳ್ಳಾಯಿತು. ಬೆಳಿಗ್ಗೆ ಅವಳು ಬಂದಾಗ ಏರಿ ಇಷ್ಟು ಕೆಟ್ಟಿರಲಿಲ್ಲ. ಹೋಗಬಹುದು ಅನ್ನುವ ಮಾತು ಸುಲಭವಾಗಿ ನಾಲಿಗೆ ತುದಿಗೆ ಬಂತು.

"ಗೊತ್ತಿಲ್ಲ ಮೇಡಂ," ಅಂದ.

ಕ್ಯಾಬಿನ್ನಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಅದನ್ನು ಬಿಟ್ಟು ಸೀಟಿನ ಹಿಂದಿನಿಂದ ಜಾಕಿನ ರಾಡು ಎಳೆದುಕೊಂಡ. "ನಾ ಮುಂದೆ ಓಯ್ತೀನಿ. ನೀವು ಗಾಡಿ ತಳ್ಕೊಂಡು ನನ್ನೆಜ್ಜೆ ಮ್ಯಾಲೇ ಬನ್ನಿ. ನೀರಿನ ಕಡೀಕ್ ಬರ್ಬ್ಯಾಡಿ."

ಅವಳು ಸ್ಕೂಟಿಯ ದೀಪ ಹಚ್ಚಿ ತಳ್ಳುತ್ತ ಹಿಂದೆ ಬಂದಳು. ಸ್ಕೂಟಿಯ ಮಂಕು ಬೆಳಕಿನಲ್ಲಿ ಅವನ ನೆರಳು ಏರಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಒಂದೊಂದು ಹೆಜ್ಜೆಗೂ ರಾಡು ಊರಿ, ಒತ್ತಿ, ಆಮೇಲೆ ಕಾಲಿಟ್ಟ. ಕಳಚಿದ ಕಡೆ ಅವಳನ್ನು ಗದ್ದೆಯ ಪಕ್ಕಕ್ಕೆ ಮಾಡಿ ತಾನು ನೀರಿನ ಪಕ್ಕ ನಿಂತು ಸ್ಕೂಟಿಯ ಹಿಂಭಾಗ ಎತ್ತಿ ದಾಟಿಸಿದ. ಅರ್ಧ ಕುಸಿದಿದ್ದ ಕಡೆಯೂ ಹಾಗೆಯೇ. ಆಚೆ ಗಟ್ಟಿ ನೆಲ ಸಿಕ್ಕ ಮೇಲೆ ಅವಳು ಹತ್ತಿ ಕೂತು, ತಲೆಯಾಡಿಸಿ ಹೊರಟಳು. ಕೆಂಪು ದೀಪ ತೆಂಗಿನಮರಗಳ ಸಂದಿನಲ್ಲಿ ಹೋಗಿ ತಿರುವಿನಲ್ಲಿ ಇಲ್ಲವಾಯಿತು.

ನಟರಾಜು ಹಿಂತಿರುಗಿದ. ಲಾರಿ ಏರಿಯ ಆ ತುದಿಯಲ್ಲಿತ್ತು. ಬೆಳಕು ಹೋದ ಮೇಲೆ ಏರಿ ಯಾವುದು, ನೀರು ಯಾವುದು, ಒಂದೇ ಬಣ್ಣ. ಅವನು ಬಗ್ಗಿ ಅಂಗೈಯಲ್ಲಿ ನೆಲ ಮುಟ್ಟಿ ನೋಡಿದ. ಒದ್ದೆಯಾಗಿತ್ತು. ರಾಡು ಮುಂದಕ್ಕೆ ಊರಿ, ಸ್ವಲ್ಪ ಹೊತ್ತು ಹಾಗೇ ನಿಂತು, ಕಾಲು ಎತ್ತಿಟ್ಟ.