ಪಾಲು ಎಂದರೆ

“ಪಾಲು ಅಂದ್ರ ಪಾಲುರೀ ಸರ್. ಒಮ್ಮೆ ಹಂಚ್ಕೊಂಡ ಮ್ಯಾಲ ನಮ್ಮ ಹೊಲಕ್ಕ ನಾವು ಬೆಂಕಿ ಹಚ್ಚಿದ್ರ ದೊಡ್ಡಪ್ಪನ ಹೊಲ ಯಾಕ ಸುಡಬೇಕು? ನಿಮ್ಮ ಪುಟ ನಂಬಿ ಹಚ್ಚಿದೆ, ನನ್ನ ಅಂಕಿ ಎಲ್ಲಾ ಸುಟ್ಟು ಹೋದ್ವು.”

“ಬೆಂಕಿ ಹಚ್ಚಿ ಅಂತ ನಾನು ಹೇಳಿದ್ದೇನಾ ಮಾರಾಯ್ರೆ?” ಎಂದರು ಪ್ರೇಮನಾಥ.

ಮುಂಬೈ ಹತ್ತಿರದ ಡೊಂಬಿವಲಿಯ ಅವರ ಮನೆಯಲ್ಲಿ ಕೂರುವ ಮೊದಲೇ ಜಗಳ ತೆಗೆದಿದ್ದೆ. ಪ್ರೇಮನಾಥ ಉಡುಪಿ ಕಡೆಯವರು, ಐರೋಲಿಯ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಾರೆ. ಲೆಕ್ಕದ ಕೆಲಸಕ್ಕೆ ಜಗತ್ತೆಲ್ಲ ಪುಕ್ಕಟೆಯಾಗಿ ಬಳಸುವ ಒಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಕಟ್ಟು, ಇದೆ. ಅದರ ವಿವರಣೆಗಳನ್ನು ಬಿಡುವಿನಲ್ಲಿ ಕನ್ನಡಕ್ಕೆ ತಂದು ಇಂಟರ್ನೆಟ್ಟಿನ ಪುಟದಲ್ಲಿ ಹಾಕಿದವರು ಅವರು. ನಾನು ಕಳಂಬೋಲಿಯಲ್ಲಿ ಕಬ್ಬಿಣದ ಸರಳು ಪರೀಕ್ಷಿಸುವ ಲ್ಯಾಬಿನವಳು. ಯಂತ್ರ ಸರಳನ್ನು ಮುರಿಯುವತನಕ ಎಳೆಯುತ್ತದೆ, ನಾವು ಅಂಕಿ ಹಿಡಿಯುತ್ತೇವೆ. ಆ ಅಂಕಿಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಲು ಕಲಿತದ್ದು ಇವರ ಪುಟ ಓದಿ. ಹಳ್ಳಿ ಶಾಲೆಯ ಕನ್ನಡ ಬಿಟ್ಟರೆ ಬೇರೆ ಯಾವುದರಲ್ಲೂ ನನಗೆ ಪಾಠ ತಲೆಗೆ ಹೋಗುವುದಿಲ್ಲ.

ಅಂಕಿಗಳ ಸಾಲಿಗೆ ಅರೇ ಎನ್ನುತ್ತಾರೆ. ಅದರಿಂದ ತೆಗೆದ ಭಾಗಕ್ಕೆ ಪ್ರೇಮನಾಥ ಇಟ್ಟ ಹೆಸರು ಪಾಲು. ನಾನು ಒಂದು ಪಾಲು ತೆಗೆದು, ಅನುಮಾನದ ಅಂಕಿಗಳನ್ನು ಸೊನ್ನೆ ಮಾಡಿ ಲೆಕ್ಕ ಹಾಕಿ ನೋಡಿದೆ. ಮೂಲ ಸಾಲಿನಲ್ಲೂ ಸೊನ್ನೆ ಬಿದ್ದಿತ್ತು. ಗೊತ್ತಾಗದೆ ಅದನ್ನೇ ಸೇವ್ ಮಾಡಿದ್ದೆ. ಮುರಿದ ಸರಳನ್ನು ಮತ್ತೆ ಎಳೆಯಲು ಬರುವುದಿಲ್ಲ. ಲ್ಯಾಬಿನ ಸಾಹೇಬರು ಕಂಪ್ಯೂಟರ್ ಕೆಲಸ ಕಿತ್ತುಕೊಂಡು ಸರಳು ಎತ್ತಿಡಲು ಹಾಕಿದರು. ತಪ್ಪು ಪುಟದ್ದು ಎಂದು ತೋರಿಸಿದರೆ ಕೆಲಸ ವಾಪಸ್ ಕೊಡುತ್ತೇನೆ ಎಂದಿದ್ದರು. ಆ ಪುಟವನ್ನು ತಿದ್ದಿಸಲೆಂದೇ ಬಂದಿದ್ದೆ.

“ಪದ ಸರಿಯಾಗಿಯೇ ಉಂಟು,” ಎಂದರು ಪ್ರೇಮನಾಥ. “ನಮ್ಮ ಮಾವನೂ ಅವರ ತಮ್ಮಂದಿರೂ ಸೇರಿ ಕಲ್ಯಾಣದಲ್ಲಿ ಹೋಟೆಲ್ ಇಟ್ಟಿದ್ದಾರೆ. ಎಲ್ಲರಿಗೂ ಪಾಲುಂಟು. ಹಾಗಂತ ಒಬ್ಬ ತನ್ನ ಪಾಲಿನ ಸಾಂಬಾರಿಗೆ ಮಾತ್ರ ಉಪ್ಪು ಹಾಕ್ಲಿಕ್ಕೆ ಆಗ್ತದಾ? ಒಬ್ಬ ಕೆಡಿಸಿದ್ರೆ ಎಲ್ಲರದ್ದೂ ಕೆಡ್ತದೆ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಪಾಲಾದರೆ ನಡುವೆ ಬದು ಬೀಳುತ್ತದೆ. ಅವರಲ್ಲಿ ಪಾಲಾದರೂ ಹಂಡೆ ಒಂದೇ. ಇಬ್ಬರೂ ಹುಟ್ಟಿದಂದಿನಿಂದ ಆಡಿದ ಪದ, ಬೇರೆ ಯಾವ ಅರ್ಥವೂ ಇರಬಹುದೆಂದು ಇಬ್ಬರಿಗೂ ಅನಿಸಿರಲಿಲ್ಲ.

“ಹಂಗಾದ್ರ ಹಂಡೆ ಒಂದ ಐತಿ ಅಂತ ಬರೀರಿ,” ಎಂದೆ.

ಅವರ ಹೆಂಡತಿ ಮೋಹಿನಿ ಚಹಾ ತಂದಿಟ್ಟರು. “ಬರೆದುಬಿಡಿ. ನಿಮ್ಮ ಪುಟ ಓದಿ ಜಗಳಕ್ಕಾದರೂ ಮನೆಗೆ ಬಂದದ್ದು ಇವರೊಬ್ಬರೇ.”

ಪ್ರೇಮನಾಥರಿಗೆ ನಗು ಬಂತು. ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿ ನನ್ನ ಕಡೆ ತಿರುಗಿಸಿದರು.

‘ಪಾಲು ಮೂಲದಿಂದ ಬೇರೆಯಾಗುವುದಿಲ್ಲ. ಪಾಲನ್ನು ತಿದ್ದಿದರೆ ಮೂಲವೂ ಬದಲಾಗುತ್ತದೆ. ಬೇರೆಯೇ ಬೇಕಿದ್ದರೆ ಮೊದಲು ನಕಲು ತೆಗೆಯುವ ಕಾಪಿ ಮೆಥಡ್ ಬಳಸಿ. ಅವಸರದಲ್ಲಿ ಓದುವವರು ಇಲ್ಲಿ ಎಡವುತ್ತಾರೆ.’

ಓದುತ್ತ ಎದೆ ಹಗುರಾಗುತ್ತಿತ್ತು. ಕೊನೆಯ ವಾಕ್ಯಕ್ಕೆ ಬಂದು ನಿಂತೆ.

“ಕಡೀ ಮಾತು ತೆಗೀರಿ.”

“ಯಾಕೆ? ಅದು ಎಲ್ಲರಿಗೂ ಹೇಳಿದ್ದು.”

“ಎಡವಿದಾಕಿ ನಾ. ಇದನ್ನ ಸಾಹೇಬ್ರ ಮುಂದ ಹಿಡದ್ರ, ನೋಡು, ಅವಸರ ಮಾಡಿದಾಕಿ ನೀನ ಅಂತಾರ. ಸಾಲಿನ ಮ್ಯಾಲ ಬೆರಳಿಟ್ಟು ಓದೀನ್ರಿ ನಾ.”

“ಒಂದು ಮಾತು ಇರ್ಲಿ ಬಿಡಿ. ತಪ್ಪೆಲ್ಲ ನನ್ನದೇ ಅಂತ ಬರೀಲಿಕ್ಕಾಗ್ತದಾ?”

ಚಹಾ ಮುಟ್ಟದೆ ಎದ್ದು ಚಪ್ಪಲಿ ಮೆಟ್ಟಿದೆ. ಮೋಹಿನಿ ಮೆಟ್ಟಿಲತನಕ ಬಂದು, “ಕಾಂಚನಾ, ನಿಲ್ಲಿ, ನಾನು ತೆಗೆಸ್ತೇನೆ,” ಎಂದರು. ನನ್ನ ಮಾತಿಗೆ ತೆಗೆಯದ್ದನ್ನು ಹೆಂಡತಿ ಹೇಳಿ ತೆಗೆಸುವುದಾದರೆ ನಾನು ಅಲ್ಲಿತನಕ ಯಾಕೆ ಹೋಗಬೇಕಿತ್ತು? ತಿರುಗಿ ನೋಡದೆ ಸ್ಟೇಷನ್ನಿಗೆ ನಡೆದು ನಾನಿರುವ ವಿಠ್ಠಲವಾಡಿಗೆ ಲೋಕಲ್ ರೈಲು ಹಿಡಿದೆ. ಆ ಮನೆಗೆ ಮತ್ತೆ ಹೋಗಲಿಲ್ಲ.