ದೋಣಿಗೆ ಎಷ್ಟು ದೊಡ್ಡ ಜನರೇಟರ್ ಬೇಕು?

ದೋಣಿ ಇರುವ ಮನೆಯಲ್ಲಿ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ: ಜನರೇಟರ್ ಕೈಕೊಟ್ಟಿತು. ನಮ್ಮ ಮನೆಗೂ ಬಂತು. ಸಮುದ್ರದಿಂದ ವಾಪಸಾದ ಯಜಮಾನರು ನನ್ನ ಕೈಗೆ ಚೀಲ ಕೊಡುವಾಗ ನೋಡುತ್ತೇನೆ, ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿವೆ.

"ಏನ್ರೀ ಇದು?"

"ಏನಿಲ್ಲ ಬಿಡೇ. ದೋಣಿಗೆ ಸ್ವಲ್ಪ ನೀರು ನುಗ್ತು. ಬಕೆಟ್‌ನಲ್ಲಿ ಎತ್ತಿ ಹಾಕಿದ್ವಿ."

"ಪಂಪ್ ಇತ್ತಲ್ಲ?"

"ಓಡ್ತಾನೇ ಇತ್ತು. ಮಧ್ಯೆ ಮೀನಿನ ಫ್ರೀಜರ್ ಶುರುವಾಯ್ತು ನೋಡು, ಜನರೇಟರ್ ಉಸಿರುಕಟ್ಟಿ ನಿಂತೇ ಹೋಯ್ತು."

ಸ್ವಲ್ಪ ನೀರಂತೆ! ಮೊಣಕಾಲಿನವರೆಗೆ ನಿಂತಿತ್ತೆಂದು ಆಮೇಲೆ ದೋಣಿಯ ಅಡುಗೆಯವನ ಬಾಯಿಂದ ತಿಳಿಯಿತು. ಮೀನು ಹಾಳಾದರೆ ಇನ್ನೊಮ್ಮೆ ಹಿಡಿಯಬಹುದು, ಇವರನ್ನು ಎಲ್ಲಿಂದ ತರಲಿ?

ಇವರದು ಬೇರೆಯೇ ಯೋಚನೆ. "ಈ ಸಲ ಪಕ್ಕದ ದೋಣಿ ಗತ್ತಣ್ಣನ ಹತ್ರ ಇದ್ಯಲ್ಲ, ಅಂಥದ್ದೇ ತರ್ತೀನಿ. ಹದಿನೈದು ಕಿಲೋವ್ಯಾಟ್! ನೋಡಿದವರು ಬಾಯಿ ಬಿಡ್ಬೇಕು."

ನನ್ನ ತಂಗಿ ಬಂದರಿನ ಶೆಡ್ಡಿನಲ್ಲಿ ಮೋಟಾರು ರಿಪೇರಿ ಮಾಡುತ್ತಾಳೆ. ಮಾತಿನಲ್ಲಿ ಭಾವನಿಗೆ ಸರಿಜೋಡಿ. ಅವಳಿಗೆ ಹೇಳಿ ಕಳಿಸಿದೆ. ಬಂದವಳೇ ಕೇಳಿದಳು, "ಭಾವ, ಹಳೇ ಜನರೇಟರ್ ಹೇಗೆ ಆರಿಸಿದ್ರಿ?"

"ಹೇಗೆ ಅಂದ್ರೆ? ದೋಣಿ ದಡದಲ್ಲಿ ಕಟ್ಟಿದ್ದಾಗ ಹಚ್ಚಿ ನೋಡಿದೆ. ದೀಪ ಎಲ್ಲ ಝಗ್ ಅಂತು. ಕೊಂಡೆ."

"ದಡದಲ್ಲಿ ಫ್ರೀಜರ್ ಆಫ್, ಪಂಪಿಗೆ ಕೆಲಸವೇ ಇಲ್ಲ. ಅಲ್ಲಿ ನೋಡಿ ಸಮುದ್ರಕ್ಕೆ ಕೊಂಡ್ರಾ? ಭೇಷ್!"

"ಅದಕ್ಕೇ ಈಗ ದೊಡ್ಡದು ಅಂತಿರೋದು. ದೊಡ್ಡದಿದ್ರೆ ನಿಶ್ಚಿಂತೆ."

"ಗತ್ತಣ್ಣನ ನಿಶ್ಚಿಂತೆ ನನ್ನ ಶೆಡ್ಡಲ್ಲಿ ಬಿಚ್ಚಿ ಬಿದ್ದಿದೆ, ನೋಡ್ಬನ್ನಿ. ಡೀಸೆಲ್ ಜನರೇಟರಿಗೆ ಸಾಕಷ್ಟು ಕೆಲಸ ಇಲ್ಲದಿದ್ರೆ ಎಣ್ಣೆ ಪೂರ್ತಿ ಉರಿಯಲ್ಲ. ಒಳಗೆಲ್ಲ ಮಸಿ. ದೋಣಿಗೆ ಅದರ ಭಾರ ಬೇರೆ."

"ಹಾಗಾದ್ರೆ ಎಷ್ಟು ದೊಡ್ಡದು ಬೇಕು? ನೀನೇ ಹೇಳಮ್ಮ ಜಾಣೆ."

"ನಾನ್ಯಾಕೆ ಹೇಳ್ಲಿ? ಬಲೆ ಎಳೆಯೋ ಹೊತ್ತಲ್ಲಿ ಏನೇನು ಓಡುತ್ತೋ ಅದನ್ನೆಲ್ಲ ದಡದಲ್ಲೇ ಓಡಿಸೋಣ. ದೋಣಿನೇ ಹೇಳುತ್ತೆ."

ಮರುದಿನ ದೋಣಿಗೆ ದಡದ ಕರೆಂಟು ಕೊಟ್ಟರು. ಆಳುಗಳು ಬಲೆ ಎಳೆಯುವವರಂತೆ ತಮ್ಮ ತಮ್ಮ ಜಾಗದಲ್ಲಿ ನಿಂತರು. ತಂಗಿ ಕರೆಂಟಿನ ತಂತಿಗೆ ಮೀಟರ್ ಹಿಡಿದಳು. ದೀಪ, ವೈರ್‌ಲೆಸ್, ಪಂಪ್ ಎಲ್ಲ ಸೇರಿ ಒಂದು ಕಿಲೋವ್ಯಾಟ್. ಫ್ರೀಜರ್ ಗುರ್ ಎಂದದ್ದೇ ತಡ, ಮೀಟರ್ ನಾಲ್ಕಕ್ಕೆ ಹಾರಿತು. ಮರುಕ್ಷಣ ಇಳಿದು ಎರಡರಲ್ಲಿ ನಿಂತಿತು.

"ನೋಡಿದ್ರಾ ಭಾವ? ಓಡುವಾಗ ಒಂದು ಕೇಳೋ ಮೋಟಾರು ಶುರುವಾಗುವಾಗ ಮೂರು ಕೇಳುತ್ತೆ. ನಿಮ್ಮ ಜನರೇಟರ್ ಎರಡೂವರೆಯದು. ಫ್ರೀಜರ್ ಒಂದನ್ನೇ ಆದ್ರೆ ಹೇಗೋ ಎಳೀತಿತ್ತು, ಪಂಪೂ ಸೇರಿದಾಗ ಸೋತಿದ್ದು ಇಲ್ಲೇ."

ಅಷ್ಟರಲ್ಲಿ ಮೀಟರ್ ಮತ್ತೆ ಮೇಲೇರಿತು. "ಈಗೇನಾಯ್ತು?" ಎಂದು ಇವರು ಗಾಬರಿಯಾದರು. ಅಡುಗೆಯವನು ಒಳಗಿಂದ ತಲೆ ಹಾಕಿದ. "ನಾನೇ ಅಣ್ಣಾ, ಕೆಟಲ್ ಹಾಕಿದೆ. ಬಲೆ ಎಳೆಯೋ ಹೊತ್ತು ಅಂದ್ರಲ್ಲ? ದಿನಾ ಆಗಲೇ ತಾನೇ ಚಹಾ?"

ನೋಡಲು ಹೋಗಿದ್ದ ನನಗೆ ನಗು ತಡೆಯಲಾಗಲಿಲ್ಲ. ತಂಗಿಯೂ ನಕ್ಕು ಹೇಳಿದಳು, "ಚಹಾ ಮೊದಲೇ ಕಾಸಿ ಫ್ಲಾಸ್ಕಿಗೆ ಹಾಕಿಡಪ್ಪ. ಒಂದು ಲೋಟ ಚಹಾಕ್ಕೋಸ್ಕರ ಜನರೇಟರ್ ದೊಡ್ಡದು ಮಾಡ್ಬೇಕಾ? ಭಾವ, ಒಟ್ಟಿಗೆ ಓಡಲೇಬೇಕಾದ್ದು, ಜೊತೆಗೆ ಮೋಟಾರು ಶುರುವಾಗೋ ಎಳೆತ, ಎಲ್ಲ ಸೇರಿ ನಾಲ್ಕು. ಅದರ ಮೇಲೆ ಕಾಲು ಭಾಗ ಹೆಚ್ಚು ಇರಲಿ. ಐದು ಸಾಕು. ಆದ್ರೆ ಎರಡು ಮೋಟಾರು ಒಂದೇ ಸಲ ಶುರು ಮಾಡ್ಬಾರದು."

ಇವರು ತಲೆ ಕೆರೆದುಕೊಂಡರು. "ಐದು ಅಂದ್ರೆ ಗತ್ತಣ್ಣ ನಗ್ತಾನೆ ಕಣೇ."

ನನಗೆ ಸಿಟ್ಟು ನೆತ್ತಿಗೇರಿತು. "ನಗ್ಲಿ ಬಿಡ್ರೀ! ನೀವು ನೀರು ಎತ್ತಿ ಹಾಕ್ತಿದ್ದಾಗ ಅವನು ಬಂದು ಬಕೆಟ್ ಹಿಡಿದ್ನಾ? ನನಗೆ ನೀವು ಮನೆಗೆ ಬಂದ್ರೆ ಸಾಕು."

ಇವರು ಮಾರನೇ ದಿನವೇ ಅಂಗಡಿಗೆ ಹೋದರು. ಐದರದ್ದೇ ತಂದರು, ಅದೂ ಫ್ರೀಜರ್, ಪಂಪ್ ಎರಡನ್ನೂ ಓಡಿಸಿ ನೋಡಿದ ಮೇಲೆ.

ಮೊನ್ನೆ ಗಾಳಿ ಜೋರಾಯಿತು. ದೋಣಿಗಳು ಇನ್ನೂ ಹೊರಗಿದ್ದವು. ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ನಾವು ಹೆಂಗಸರೆಲ್ಲ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆವು. ಗೊರಗೊರ ಸದ್ದಿನ ನಡುವೆ ಇವರ ದನಿ ಕೇಳಿಸಿತು. "ನೀರು ನುಗ್ತಿದೆ, ಪಂಪ್ ಎತ್ತಿ ಹಾಕ್ತಿದೆ. ಫ್ರೀಜರೂ ಓಡ್ತಿದೆ. ಹೆದರ್ಬೇಡ. ಮನೆಗೆ ಹೋಗಿ ಊಟ ಮಾಡು."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಬೆಳಗಾಗುವಷ್ಟರಲ್ಲಿ ಇವರೂ ಮನೆ ಸೇರಿದರು, ಅಂಗೈಯಲ್ಲಿ ಒಂದೂ ಬೊಬ್ಬೆಯಿಲ್ಲದೆ.

ದೋಣಿ ಇಟ್ಟುಕೊಂಡಿರುವ ಅಣ್ಣಂದಿರೇ, ಅವರ ದಾರಿ ಕಾಯುವ ಅಕ್ಕತಂಗಿಯರೇ, ಪಕ್ಕದ ದೋಣಿ ನೋಡಿ ಜನರೇಟರ್ ಕೊಳ್ಳಬೇಡಿ. ನಿಮ್ಮ ದೋಣಿಯಲ್ಲಿ ಕಷ್ಟದ ಹೊತ್ತಿಗೆ ಏನೇನು ಒಟ್ಟಿಗೆ ಓಡಬೇಕೋ ಅದನ್ನೆಲ್ಲ ದಡದಲ್ಲೇ ಓಡಿಸಿ, ಬಲ್ಲವರಿಂದ ಅಳೆಸಿ. ಮೋಟಾರು ಶುರುವಾಗುವಾಗಿನ ಎಳೆತ ಮರೆಯಬೇಡಿ. ಕಡಿಮೆಯೂ ಬೇಡ, ವಿಪರೀತವೂ ಬೇಡ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಊಟ ಬಿಟ್ಟು ಕಾಯುತ್ತಿರುತ್ತಾರೆ.