ಬೋಣಿಯ ಕೈ

ಹೊಳೆಯ ದಂಡೆಗೊಂದು ಊರು, ಊರಿನಲ್ಲೊಂದು ಮನೆ, ಮನೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಇದ್ದರಂತೆ ಎಂದು ಹೇಳಿ ಮುಗಿಸುವ ಹಾಗಿಲ್ಲ, ಇಬ್ಬರೂ ಇನ್ನೂ ಇದ್ದಾರೆ. ಹೊಳೆ ತುಂಗಭದ್ರೆ, ಊರು ಕೆಂಚನಗುಡ್ಡ. ಅಣ್ಣ ದೊಡ್ಡಬಸವರಾಜ, ತಂಗಿ ದಾಕ್ಷಾಯಣಿ. ತಂಗಿಯ ಬಲಗೈ ಊರಿದ ಅವರೆ ಬೀಜ ಬಂಡೆಯ ಮೇಲೂ ಚಿಗುರುತ್ತದೆ ಎಂದು ಅವರ ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಮಲಗುವಾಗ ಹೇಳುತ್ತಿದ್ದುದೂ ಅಂಥದೇ ಕಥೆ: ಮುಟ್ಟಿದ್ದೆಲ್ಲ ಬೆಳೆಯುವ ಒಬ್ಬ ರಾಜಕುಮಾರಿ, ಅವಳನ್ನು ತನ್ನ ಕಣಜದ ಬಾಗಿಲಿಗೆ ಕೂರಿಸಿದ ಒಬ್ಬ ರಾಜ. ಆಮೇಲೆ ಆ ರಾಜಕುಮಾರಿಗೆ ಏನಾಯಿತು ಎಂದು ಕೇಳುವಷ್ಟರಲ್ಲಿ ದಾಕ್ಷಾಯಣಿಗೆ ನಿದ್ದೆ ಬಂದಿರುತ್ತಿತ್ತು.

ಅವ್ವ ಶಿವಬಸಮ್ಮ ಹೊಲಿಗೆ ಮಷೀನು ತುಳಿದು ಇಬ್ಬರನ್ನೂ ಬೆಳೆಸಿದಳು. ಉಸಿರು ಮೇಲಾದ ದಿನ ಮಗನ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಭಾಷೆ ಕೇಳಿದಳು.

"ಮಷೀನು ನೀ ಒಯ್ಯಪ್ಪಾ. ಆದ್ರ ಇಕಿಗೆ ಅಂತ ಒಂದು ಅಂಗಡಿ ಹಾಕಿ ಕೊಡು. ಅದರ ಕೀಲಿಕೈ ನಿನ್ನ ಕೈಯಿಂದ ಇಕಿ ಕೈಯಾಗ ಇಡಬೇಕು. ಯಾರ ಹತ್ರಾನೂ ಕೊಟ್ಟು ಕಳಸಬ್ಯಾಡ."

"ಇಡ್ತೀನಿ ಯವ್ವಾ. ಅಂಜಬ್ಯಾಡ."

ಮಷೀನು ಸಿರುಗುಪ್ಪಕ್ಕೆ ಹೋಯಿತು. ಬಸ್ ನಿಲ್ದಾಣದ ಹಿಂದೆ ದೊಡ್ಡಬಸವರಾಜ ಪ್ಯಾಂಟು ಹೊಲಿಯುವ ಅಂಗಡಿ ತೆರೆದ. ಮೊದಲ ದಿನ ಬಿಸಿಲು ನೆತ್ತಿಗೇರಿದರೂ ನೊಣಗಳ ಹೊರತು ಯಾರೂ ಒಳಗೆ ಬರಲಿಲ್ಲ. ರೊಟ್ಟಿಯ ಗಂಟು ತಂದಿದ್ದ ತಂಗಿಗೆ ಅಣ್ಣನ ಮುಖ ನೋಡಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಗಿರಾಕಿಯ ಗತ್ತಿನಲ್ಲಿ ನಿಂತು, "ಏನ್ರೀ ಟೇಲರ್ರ, ಮೂಗು ಒರಸ್ಕೊಳಾಕ ಒಂದು ದಸ್ತಿ ಹೊಲದು ಕೊಡ್ರಿ" ಎಂದು ಬಸ್ಸಿಗೆಂದು ಇಟ್ಟುಕೊಂಡಿದ್ದ ಚಿಲ್ಲರೆಯನ್ನು ಅವನ ಕೈಗೆ ಹಾಕಿದಳು. ಇಬ್ಬರೂ ನಕ್ಕರು. ಆ ನಗು ಆರುವ ಮೊದಲೇ ಮದುವೆ ಮನೆಯವರು ಬಂದು ಬೀಗರಿಗೆಲ್ಲ ಪ್ಯಾಂಟು ಹೊಲಿಯಲು ಬಟ್ಟೆಯ ಗಂಟನ್ನೇ ಇಳಿಸಿದರು.

ತಂಗಿ ಬಸ್ಸಿಗೆ ಕಾಸಿಲ್ಲದೆ ಊರಿಗೆ ನಡೆದು ಹೋದಳು. ಅಣ್ಣ ಮಾತ್ರ ಅಂದೇ ತಿಳಿದುಕೊಂಡ: ದಿನದ ಮೊದಲ ವ್ಯಾಪಾರ, ಆ ಬೋಣಿ, ದಾಕ್ಷಿಯ ಕೈಯಿಂದಲೇ ಆಗಬೇಕು.

ಮುಂದೆ ಬಳ್ಳಾರಿಯಲ್ಲಿ 'ರಿವರ್ ಟೈಗರ್ ಜೀನ್ಸ್' ಎಂಬ ಬೋರ್ಡು ಎದ್ದಿತು, ಅಣ್ಣ-ತಂಗಿಯ ಮನೆಯೂ ಅಲ್ಲಿಗೇ ಬಂತು. ಕುರುಗೋಡಿನಲ್ಲಿ ಹೊಲಿಗೆಯ ಶೆಡ್ಡು, ಬಳ್ಳಾರಿಯ ಹೊರಗೆ ಬಟ್ಟೆ ತೊಳೆಯುವ ವಾಷಿಂಗ್ ಘಟಕ, ಬ್ರೂಸ್‌ಪೇಟೆಯಲ್ಲಿ ಸಗಟು ಅಂಗಡಿ. ಪ್ರತಿ ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ದಾಕ್ಷಾಯಣಿ ಗಲ್ಲಾಪೆಟ್ಟಿಗೆ ಮುಟ್ಟಬೇಕು, ಬೋಣಿ ಮಾಡಬೇಕು. ಪ್ರತಿ ಹೊಸ ಮಾಲಿಗೆ ಮೊದಲ ಕತ್ತರಿ ಅವಳೇ ಹಾಕಬೇಕು. ಅಷ್ಟಾದರೆ ಆಗಿತ್ತು. ಆದರೆ ಮಧ್ಯಾಹ್ನದ ಮೊದಲು ಅವಳು ಬೇರೆ ಯಾವ ಅಂಗಡಿಯಲ್ಲೂ ಒಂದು ಬಳೆ, ಒಂದು ಕಟ್ಟು ಕೊತ್ತಂಬರಿ ಕೂಡ ಕೊಳ್ಳುವ ಹಾಗಿರಲಿಲ್ಲ. ಅವಳ ಬೋಣಿ ಪರರ ಗಲ್ಲಾಪೆಟ್ಟಿಗೆಗೆ ಬಿದ್ದೀತೆಂದು ಅಣ್ಣನಿಗೆ ಭಯ. ಕುರುಗೋಡಿನಿಂದ ಬಂದ ಒಳ್ಳೆಯ ಸಂಬಂಧವನ್ನು ಜಾತಕ ಕೂಡಲಿಲ್ಲವೆಂದು ತಿರುಗಿಸಿ ಕಳಿಸಿದ. ಜಾತಕವನ್ನು ಅವನು ಬಿಚ್ಚಿಯೇ ಇರಲಿಲ್ಲ.

ದಾಕ್ಷಾಯಣಿ ಅದಕ್ಕೂ ಅಳಲಿಲ್ಲ. ಅವಳಿಗೆ ಬೇಕಾಗಿದ್ದುದು ಅಂಗಡಿ. ಹೆಣ್ಣುಮಕ್ಕಳ ಜೀನ್ಸಿಗೆ ಎಲ್ಲರೂ ಜೇಬಿನ ಗೆರೆಯನ್ನಷ್ಟೇ ಹೊಲಿಯುತ್ತಾರೆ, ಒಳಗೆ ಚೀಲವೇ ಇರುವುದಿಲ್ಲ. ಅವಳ ಕನಸಿನ ಅಂಗಡಿಯಲ್ಲಿ ಮೊಣಕೈವರೆಗೆ ಕೈ ಇಳಿಯುವ ಜೇಬುಗಳು ಇರುತ್ತವೆ. ಕಾಲೇಜಿನ ಹುಡುಗಿಯರು ಕೈ ಇಳಿಬಿಟ್ಟುಕೊಂಡು ಗತ್ತಿನಿಂದ ನಡೆಯುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಅವಳು ಆ ಜೇಬುಗಳನ್ನು ಮನಸ್ಸಿನಲ್ಲೇ ಹೊಲಿಯುತ್ತಿದ್ದಳು.

"ಅಣ್ಣಾ, ನನ್ನ ಅಂಗಡಿ?"

"ಸಿರುಗುಪ್ಪದ್ದು ನೆಲಿ ನಿಲ್ಲಲಿ" ಎಂದಿದ್ದ ಮೊದಲು. ಆಮೇಲೆ "ಬಳ್ಳಾರ್ಯಾಗ ಕಾಲೂರಲಿ." ಆಮೇಲೆ "ಕುರುಗೋಡಿಂದು ಒಂದು ಮುಗೀಲಿ." ಅವಳ ತಲೆಯಲ್ಲಿ ಬಿಳಿ ಎಳೆಗಳು ಕಂಡ ಮೇಲೆ ನಗುತ್ತಲೇ ಹೇಳಿದ: "ನಿನಗ ಅಂಗಡಿ ಕೊಟ್ರ ನಿನ್ನ ಕೈ ನಿನಗ ಬೋಣಿ ಮಾಡ್ತತಿ. ನನಗ ಯಾರು ಮಾಡ್ತಾರಲೇ?"

ವ್ಯಾಪಾರಸ್ಥರು ಅವನಿಗೆ ಸನ್ಮಾನ ಮಾಡಿದ ದಿನ, ಪೇಟ ಸುತ್ತಿಕೊಂಡು ಮೈಕಿನ ಮುಂದೆ ನಿಂತ. "ನಾನು ಒಂದು ಮಷೀನು, ಎರಡು ಕೈ, ಇಷ್ಟ ತಗೊಂಡು ಬಂದಾಂವ. ದುಡಿಮಿನ ದೇವರು." ಆ ಎರಡು ಕೈ ಯಾರವೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಎದುರಿನ ಸಾಲಿನಲ್ಲಿ ಅವನ ಹೆಂಡತಿ ಅರುಣಾ ನಾದಿನಿಯ ಕಿವಿಗೆ ಬಾಗಿದಳು.

"ಚಪ್ಪಾಳಿ ಜೋರಾಗಿ ಹೊಡೀಬ್ಯಾಡ. ಕೈ ಸವದೀತು."

ಕೈ ಸವೆಯಲಿಲ್ಲ, ಜೀನ್ಸು ಸವೆಯಿತು. ಈ ಸಲ ದಸರೆಗೆ ಹೋದ ಮಾಲಿನ ಪ್ಯಾಂಟುಗಳು ಹಾಕಿಕೊಂಡವರು ಕೂತಲ್ಲೇ ಹಿಂದಿನಿಂದ ಹರಿದವು. ಆದೋನಿಯ ಒಬ್ಬ ಮದುಮಗ ಹಸೆಯ ಮೇಲೆ ಕೂತಾಗ ಹರಿದದ್ದು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಲಾರಿಗಟ್ಟಲೆ ಮಾಲು ತಿರುಗಿ ಬಂತು.

ವಾಷಿಂಗ್ ನೋಡಿಕೊಳ್ಳುತ್ತಿದ್ದ ಅಂಜಿನೇಯ ಮನೆಯ ಹಿತ್ತಲಿಗೆ ಓಡಿ ಬಂದ.

"ಅಕ್ಕಾರ, ಸಾವ್ಕಾರ್ರು ಎಲ್ಲಾ ನಿಮ್ಮ ಮ್ಯಾಲ ಹಾಕಾಕ ಹತ್ಯಾರ. ನೀವು ಕತ್ತರಿ ಹಾಕಿದ ಮಾಲಂತ. ನಿಮ್ಮ ಕೈ ಕೆಟ್ಟೈತಂತ!"

"ನಿನಗೇನ್ ಗೊತ್ತೈತಿ ಅಂಜಿನೇಯ?"

"ಬಣ್ಣ ತೆಗಿಯೋ ಔಷಧಿ ಹಾಕಿದ ಮ್ಯಾಲ ಬಟ್ಟಿನ ಮೂರ್ನಾಲ್ಕು ನೀರಾಗ ಜಾಲಿಸಬೇಕ್ರಿ. ಟ್ಯಾಂಕರ್ ನೀರು ದಂಡ ಆಗ್ತತಿ, ಒಂದ ನೀರು ಸಾಕು ಅಂದ್ರು ಸಾವ್ಕಾರ್ರು. ಔಷಧಿ ಒಳಗ ಉಳಕಂಡು ನೂಲು ಕೊಳತು ಹೋಗೇತಿ. ನಡೀರಿ, ಅವರ ಮುಂದ ನಾ ಹೇಳ್ತೀನಿ."

ದಾಕ್ಷಾಯಣಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಒಳ್ಳೆಯ ಕೈ ಈ ಮನೆಯ ಹೊಸಿಲು ದಾಟುವುದು ಸಾಧ್ಯವಿರಲಿಲ್ಲ. ಕೆಟ್ಟ ಕೈಯನ್ನು ಇವರೇ ಹೊರಗೆ ಹಾಕುತ್ತಾರೆ.

"ಹೇಳಬ್ಯಾಡ" ಎಂದಳು.

"ಅಕ್ಕಾರ! ಪ್ಯಾಟಿ ತುಂಬ ನಿಮ್ಮ ಹೆಸರು ಹಾಳಾಗ್ತತಿ."

"ಆಗಲಿ. ನೀ ಬಾಯಿ ಬಿಟ್ಟರ ನಿನ್ನ ಪಗಾರ ಹೋಗ್ತತಿ, ನನ್ನ ಅಂಗಡಿ ಹೋಗ್ತತಿ."

ಆ ಸಂಜೆ ಅರುಣಾ ಗಲ್ಲಾಪೆಟ್ಟಿಗೆಯನ್ನು ಗಂಜಳ ಹಾಕಿ ತೊಳೆದಳು. ದಾಕ್ಷಾಯಣಿಯ ಊಟದ ತಟ್ಟೆ, ಲೋಟ ಬೇರೆಯಾದವು. ದೊಡ್ಡಬಸವರಾಜ ನಡುಮನೆಯಲ್ಲಿ ನಿಂತು, ಅಷ್ಟು ದೂರದಿಂದಲೇ ಮಾತಾಡಿದ.

"ಹೆಣದ ಕೈ ಆಗೇತಿ ನಿಂದು. ಇನ್ನ ಮ್ಯಾಲ ನನ್ನ ಒಂದು ಗುಂಡಿ ಸೈತ ಮುಟ್ಟಬ್ಯಾಡ."

"ಇಷ್ಟು ವರ್ಷ ಮುಟ್ಟಿದ್ದು?"

"ಅದರ ಕೂಲಿ ನನ್ನ ಮನ್ಯಾಗ ಉಂಡು ತೀರಿಸ್ಕೊಂಡಿ ಬಿಡು."

ಅವಳು ಅಣ್ಣನ ಕಣ್ಣಿನಲ್ಲಿ ಹೊಸ ಲೆಕ್ಕವೊಂದು ಮೂಡುವುದನ್ನು ನೋಡುತ್ತಿದ್ದಳು. ಬ್ರೂಸ್‌ಪೇಟೆಯಲ್ಲಿ ಅವನ ಗಿರಾಕಿಗಳನ್ನು ಮೊದಲಿನಿಂದಲೂ ಎಳೆದುಕೊಳ್ಳುತ್ತಿದ್ದವನು ಉಚ್ಚೆಂಗೆಪ್ಪ ಎಂಬ ಮುದುಕ ವ್ಯಾಪಾರಿ. ಆ ಮುದುಕನ ಅಂಗಡಿಯ ಗೋಡೆಗೆ ಅಂಟಿದ ಮಳಿಗೆ ಖಾಲಿ ಇತ್ತು.

"ಅಂಗಡಿ ಅಂಗಡಿ ಅಂತಿದ್ದ್ಯಲ್ಲಾ" ಎಂದ ದೊಡ್ಡಬಸವರಾಜ. ಅವನ ದನಿ ಮೃದುವಾಗಿತ್ತು. "ಹಾಕಿ ಕೊಡ್ತೀನಿ. ಉಚ್ಚೆಂಗೆಪ್ಪನ ಬಾಜೂಕ. ಅವ್ವನ ಭಾಷೆನೂ ತೀರ್ತತಿ, ನಿನ್ನ ಕೈ ಗಾಳಿ ಆ ಮುದುಕಗೂ ಬಡೀತತಿ."

ಅಂಗಡಿ ಪೂಜೆಯ ಬೆಳಿಗ್ಗೆ ಉಚ್ಚೆಂಗೆಪ್ಪ ಏಣಿ ಹತ್ತಿ ತನ್ನ ಬಾಗಿಲಿಗೆ ಮೆಣಸಿನಕಾಯಿ, ಲಿಂಬೆಹಣ್ಣು ಕಟ್ಟುತ್ತಿದ್ದ. ದಾಕ್ಷಾಯಣಿ ಬರುವುದನ್ನು ಕಂಡು ಏಣಿ ಇಳಿದು ಕೈಮುಗಿದ.

"ಯವ್ವಾ ತಂಗೀ, ನಿಮ್ಮಣ್ಣನ ಸಿಟ್ಟಿಗೆ ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ. ಬ್ಯಾರೆ ಕಡೆ ಎಲ್ಲ್ಯಾರ ನೋಡಿಕೊ."

ಹಳೆಯ ದಾಕ್ಷಾಯಣಿಯಾಗಿದ್ದರೆ ನಿಜ ಹೇಳಿ ಸಮಾಧಾನ ಮಾಡುತ್ತಿದ್ದಳು. ಆದರೆ ಅಣ್ಣ ಇನ್ನೂ ಕೀಲಿಕೈ ಕೊಟ್ಟಿರಲಿಲ್ಲ.

"ಇನ್ನೊಂದು ಲಿಂಬಿಹಣ್ಣು ಹೆಚ್ಚಿಗಿ ಕಟ್ಟರಿ ಕಾಕಾ" ಎಂದು ಮುಂದೆ ಹೋದಳು.

ದೊಡ್ಡಬಸವರಾಜ ಕಾರಿನಿಂದ ಇಳಿದ. ರಾಹುಕಾಲ ಬರುವುದರೊಳಗೆ ಭಾಷೆ ಮುಗಿಸಿ ಓಡುವ ಅವಸರ ಅವನಿಗೆ. ಹಮಾಲರು, ಅಕ್ಕಪಕ್ಕದ ಅಂಗಡಿಯವರು, ಸಂತೆಯ ಚೀಲ ಹಿಡಿದ ಹೆಂಗಸರು ಆಗಲೇ ಸುತ್ತ ನೆರೆದಿದ್ದರು. ಅವನು ಎರಡು ಬೆರಳಲ್ಲಿ ಹಿಡಿದಿದ್ದ ಕೀಲಿಕೈಯನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದ.

"ತಗಾ. ಆತಿಲ್ಲ?"

ದಾಕ್ಷಾಯಣಿ ಅದನ್ನು ಮುಟ್ಟಲಿಲ್ಲ. "ಕಟ್ಟಿ ಮ್ಯಾಲ ಇಟ್ಟದ್ದು ಕಟ್ಟಿದು. ಅವ್ವ ಏನಂದಿದ್ಲು?"

"ಏ, ತಗಾ ಅಂದ್ರ."

"ನಿನ್ನ ಕೈಯಿಂದ ನನ್ನ ಕೈಯಾಗ ಅಂದಿದ್ಲು. ಸತ್ತಾಕಿಗೆ ಕೊಟ್ಟ ಭಾಷೆ ತಪ್ಪಿದರ ಏನಾಗ್ತತಿ ಗೊತ್ತೈತಲ್ಲ ಅಣ್ಣಾ?"

ಅದು ಅವನಿಗೆ ಗೊತ್ತಿತ್ತು. ಶಕುನ, ಶಾಪ, ಭಾಷೆ, ಇವನ್ನು ಬಿಟ್ಟರೆ ಅವನಿಗೆ ಗೊತ್ತಿದ್ದುದೂ ಕಡಿಮೆಯೇ. ಗುಂಪಿನಲ್ಲಿ ಒಬ್ಬ ಹಮಾಲ ಕಿಸಕ್ಕೆಂದ. "ಏನ್ರೀ ಟೈಗರ್ ಸಾವ್ಕಾರ್ರ, ತಂಗಿಗೆ ಅಂಜತೀರೇನು?"

ದೊಡ್ಡಬಸವರಾಜ ಜೇಬಿನ ದಸ್ತಿಯಿಂದ ಬೆವರು ಒರೆಸಿಕೊಂಡ. ಕೀಲಿಕೈ ಎತ್ತಿ ಅದೇ ದಸ್ತಿಯಲ್ಲಿ ಸುತ್ತಿ ಮುಂದೆ ಚಾಚಿದ.

"ದಸ್ತಿ ತೆಗಿ" ಎಂದಳು ಅವಳು. "ಮೊದಲನೇ ದಸ್ತಿಗೆ ನಾ ಚಿಲ್ಲರಿ ಕೊಟ್ಟಾಗ ಹಿಂಗ ಬಟ್ಟಿ ಸುತ್ತಿಕೊಂಡು ತಗೊಂಡಿದ್ದ್ಯಾ?"

ಅವನು ಆಕಾಶ ನೋಡಿದ, ಗಡಿಯಾರ ನೋಡಿದ. ದಸ್ತಿ ಜಾರಿ ಚರಂಡಿಯ ಬದಿಗೆ ಬಿತ್ತು. ಕೀಲಿಕೈ ಹಿಡಿದ ಬರಿಗೈ ಮುಂದೆ ಬಂತು. ದಾಕ್ಷಾಯಣಿ ಎರಡೂ ಕೈಯಿಂದ ಅದನ್ನು ಹಿಡಿದಳು. ಬೆರಳಿಗೆ ಬೆರಳು ಹೆಣೆದು, ಅಂಗೈಗೆ ಅಂಗೈ ಒತ್ತಿ, ಅವನು ಎಳೆದುಕೊಂಡಷ್ಟೂ ಬಿಗಿ ಮಾಡಿದಳು. ತನ್ನದು ಶುಭವೂ ಅಶುಭವೂ ಅಲ್ಲದ ಬರೀ ಕೈ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಅಷ್ಟು ಸಾಕಿತ್ತು.

"ನನ್ನ ಕೈಗುಣ ಎಲ್ಲಾ ನಿನಗ ಅಣ್ಣಾ" ಎಂದಳು, ಇಡೀ ಬೀದಿಗೆ ಕೇಳುವಂತೆ, ಹರಸುವವರ ದನಿಯಲ್ಲಿ. "ನಿನ್ನ ಗಲ್ಲಾಪೆಟ್ಟಿಗಿಗೆ, ನಿನ್ನ ಮಷೀನಿಗೆ, ನಿನ್ನ ಮನಿ ಬಾಗಲಿಗೆ, ಎಲ್ಲಾದಕ್ಕೂ ಹತ್ತಲಿ."

ದೊಡ್ಡಬಸವರಾಜನ ಮುಖ ತೊಳೆದ ಜೀನ್ಸಿನಂತೆ ಬಿಳಿಚಿತು. ಬೆರಳುಗಳು ತಾವಾಗಿಯೇ ಸಡಿಲವಾದವು, ಕೀಲಿಕೈ ಅವನ ಕೈಯಿಂದ ಅವಳ ಕೈಗೆ ಇಳಿಯಿತು.